ಕೊಂಡಿಯ ಪಕ್ಕದ ಮೂರು ಮುತ್ತು

1954ರಲ್ಲಿ ನಾನು ಮುಂಬಯಿಯ ಒಂದು ಮುತ್ತು ಪರೀಕ್ಷಾ ಕೇಂದ್ರದಲ್ಲಿ ಅಸಿಸ್ಟೆಂಟ್ ಆಗಿದ್ದೆ. ಹೊಳಪು, ಆಕಾರ, ಬಣ್ಣ, ಕಲೆ ನೋಡಿ ದರ್ಜೆ ಕೊಡುವುದು ಸುಲಭ. ಕಷ್ಟದ ಕೆಲಸವೆಂದರೆ ಸಮುದ್ರದಲ್ಲಿ ತಾನಾಗಿ ಬೆಳೆದ ಅಸಲಿ ಮುತ್ತನ್ನೂ ಜಪಾನಿನಲ್ಲಿ ಬೆಳೆಸಿದ ಕಲ್ಚರ್ ಮುತ್ತನ್ನೂ ಬೇರ್ಪಡಿಸುವುದು. ಹಲ್ಲಿಗೆ ಉಜ್ಜಿದರೆ ಎರಡೂ ತರಿತರಿ. ಹಾಗಾಗಿ ದಾರದ ರಂಧ್ರಕ್ಕೆ ಬೆಳಕು ಬಿಟ್ಟು ಲೆನ್ಸ್‌ನಲ್ಲಿ ನೋಡುತ್ತಿದ್ದೆವು. ಅಸಲಿಯಾದರೆ ನಡುವಿನವರೆಗೂ ಈರುಳ್ಳಿಯಂತೆ ಪದರಗಳು. ಕಲ್ಚರ್ ಆದರೆ ಮೇಲೊಂದು ತೆಳು ಪದರ, ಕಪ್ಪು ಗೆರೆ, ಒಳಗೆ ಬಿಳಿ ಗುಂಡು.

ಒಂದು ಮಧ್ಯಾಹ್ನ ಒಬ್ಬ ವ್ಯಾಪಾರಿ ಭೀಮಣ್ಣನನ್ನು ಕೊರಳಪಟ್ಟಿ ಹಿಡಿದು ಎಳೆದು ತಂದ. ವಿಜಯಪುರದ ಭೀಮಣ್ಣ ಮುಂಬಯಿಯ ಹೊರವಲಯದ ದಹಿಸರ್‌ನಲ್ಲಿದ್ದು ಮುತ್ತು ಪೋಣಿಸುತ್ತಿದ್ದ. ಆಗಲೇ ಅವನ ತುಟಿ ಒಡೆದಿತ್ತು. ಪರ್ಷಿಯನ್ ಕೊಲ್ಲಿಯ ಅಸಲಿ ಬಸ್ರಾ ಮುತ್ತಿನ ಹಳೆಯ ಹಾರವನ್ನು ಹೊಸ ದಾರಕ್ಕೆ ಕೊಟ್ಟರೆ ಇವನು ಅಸಲಿ ತೆಗೆದು ಕಲ್ಚರ್ ಇಟ್ಟಿದ್ದಾನೆ ಎಂದು ವ್ಯಾಪಾರಿಯ ಆರೋಪ. ಡಬ್ಬಿಯಲ್ಲಿ ಬಿಡಿ ಮುತ್ತುಗಳಿದ್ದವು. ಕೊಂಡಿಯ ಪಕ್ಕದ ಮೂರು ಮಾತ್ರ ಇನ್ನೂ ಹಳೆಯ ದಾರದಲ್ಲಿದ್ದವು.

“ನಾ ಬದ್ಲ ಮಾಡಿಲ್ರೀ ಸಾಹೇಬ್ರ. ಕೊಂಡಿ ಕಡೇವೂ ನೋಡ್ರಿ,” ಎಂದ ಭೀಮಣ್ಣ.

ನನಗೆ ನನ್ನ ಕಣ್ಣಿನ ಮೇಲೆ ವಿಪರೀತ ಜಂಬ. ಬಿಡಿ ಮುತ್ತುಗಳಲ್ಲಿ ಐದನ್ನು ನೋಡಿದೆ. ಐದರಲ್ಲೂ ಕಪ್ಪು ಗೆರೆ. ತಲೆಯನ್ನೂ ಎತ್ತದೆ, “ಎಲ್ಲಾ ಕಲ್ಚರ್,” ಎಂದುಬಿಟ್ಟೆ.

ವ್ಯಾಪಾರಿ ಭೀಮಣ್ಣನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು, ಅಲ್ಲಿದ್ದ ಕಬ್ಬಿಣದ ಪೇಪರ್‌ವೇಟ್‌ನಿಂದ ಬೆರಳುಗಳ ಮೇಲೆ ಹೊಡೆದ. ಮೂಳೆ ಮುರಿದದ್ದು ನನಗೆ ಕೇಳಿಸಿತು. ತಡೆಯಲು ಹೋದೆ, ಅವನ ಮೊಣಕೈ ನನ್ನ ಮೂಗಿಗೆ ಬಡಿಯಿತು. ಅಷ್ಟರಲ್ಲಿ ಇನ್ನೆರಡು ಏಟು ಬಿದ್ದಿದ್ದವು. ವಾಚ್‌ಮನ್ ಓಡಿ ಬಂದು ಅವನನ್ನು ನೆಲಕ್ಕೆ ಕೆಡವಿ ಕುತ್ತಿಗೆಯ ಮೇಲೆ ಮೊಣಕಾಲಿಟ್ಟ. ಮೇಜಿನ ಬಿಳಿ ಬಟ್ಟೆಯ ಮೇಲೆ ರಕ್ತದಲ್ಲಿ ಮುತ್ತುಗಳು ಚೆಲ್ಲಾಡಿದ್ದವು.

ಅವನ್ನು ಆರಿಸುವಾಗ ಕೊಂಡಿ ಕೈಗೆ ಸಿಕ್ಕಿತು. ಗಾತ್ರದ ಕ್ರಮ ತಪ್ಪಬಾರದೆಂದು ಪೋಣಿಸುವವರು ಕೊಂಡಿಯ ಪಕ್ಕದ ಮುತ್ತುಗಳನ್ನು ಕೊನೆಯವರೆಗೂ ಬಿಚ್ಚುವುದಿಲ್ಲ. ಮೈಯೆಣ್ಣೆ ಕುಡಿದು ಹಳದಿಯಾದ ಆ ದಾರ ರಂಧ್ರಕ್ಕೆ ಅಂಟಿಕೊಂಡಿತ್ತು. ವರ್ಷಗಳಿಂದ ಯಾರೂ ಆ ಗಂಟು ಮುಟ್ಟಿರಲಿಲ್ಲ. ಎಲ್ಲರೆದುರೇ ದಾರ ಕತ್ತರಿಸಿ ನೋಡಿದೆ. ಮೂರರಲ್ಲೂ ಕಪ್ಪು ಗೆರೆ. ವ್ಯಾಪಾರಿ ಮೋಸ ಹೋದದ್ದು ಹಾರ ಕೊಂಡ ದಿನವೇ.

ಪೊಲೀಸರು ಅವನನ್ನು ಕರೆದೊಯ್ದರು. ಭೀಮಣ್ಣನ ಎರಡು ಬೆರಳು ಮತ್ತೆ ಮಡಚಲಿಲ್ಲ. ದಹಿಸರ್‌ಗೆ ಹೋಗಿ ಕ್ಷಮೆ ಕೇಳಿದೆ.

“ನಾ ಹೇಳಿದ್ನಲ್ರೀ ಸಾಹೇಬ್ರ, ಕೊಂಡಿ ಕಡೇವೂ ನೋಡ್ರಿ ಅಂತ,” ಎಂದ. ಅಷ್ಟೇ.

ಆಮೇಲೆ ನಿವೃತ್ತಿಯವರೆಗೂ ಕೊನೆಯ ಮುತ್ತು ನೋಡದೆ ನಾನು ಬಾಯಿ ತೆರೆಯಲಿಲ್ಲ. ಆಫೀಸಿನವರು ನನ್ನನ್ನು ಆಮೆ ಎಂದು ಆಡಿಕೊಂಡರು. ಆಡಿಕೊಳ್ಳಲಿ. ಆ ದಿನ ನಾನು ಹೇಳಿದ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಎಲ್ಲವೂ ಕಲ್ಚರೇ ಆಗಿದ್ದವು.