ಬಾಗಿಲ ಚೌಕಟ್ಟಿನ ಎರಡು ಸೊನ್ನೆ

ಮನೆಗೆ ಬಣ್ಣ ಬಳಿಯಲು ಬಂದ ಸೆಲ್ವಂ ಬಾಗಿಲ ಚೌಕಟ್ಟಿಗೆ ಉಪ್ಪುಕಾಗದ ಹಿಡಿಯುವ ಮೊದಲು ನನ್ನ ಕಡೆ ತಿರುಗಿದ. "ಸಾರ್, ಇಲ್ಲಿ ಚಾಕ್‌ಪೀಸಲ್ಲಿ ಎರಡು ಸೊನ್ನೆ ಇದೆ. ಮಕ್ಳು ಗೀಚಿರೋದಾ? ಉಜ್ಜಿಬಿಡ್ಲಾ?"

"ಅದೊಂದು ಬಿಡಪ್ಪ. ಮೊದಲು ಒಳಗಿನ ಗೋಡೆ ಮುಗಿಸ್ಕೋ" ಎಂದೆ. ಅವನು ಒಳಗೆ ಹೋದ. ನಾನು ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ನಿಂತೆ. ಕಾಫಿ ಆರಿಹೋಯಿತು.

ಆ ಸೊನ್ನೆಗಳನ್ನು ಬರೆದವಳು ನನ್ನ ಹೆಂಡತಿ ರತ್ನ. ಅವಳು ಹೋಗಿ ಒಂದು ವರ್ಷದ ಮೇಲಾಯಿತು. ವರ್ಷದ ದಿನ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ನಾಲ್ಕು ಜನರಿಗೆ ಊಟ ಹಾಕಿ ಸುಮ್ಮನಾದೆ. ನಾನು ಮೊದಲಿನಿಂದಲೂ ಸುಮ್ಮನಿರುವ ಜಾತಿ. ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತು ಮೂವತ್ತು ವರ್ಷ ಕಳೆದವನು. ಆ ಸದ್ದಿನಲ್ಲಿ ಮಾತಾಡಿದರೂ ಯಾರಿಗೂ ಕೇಳುತ್ತಿರಲಿಲ್ಲ. ನಮ್ಮ ಮನೆಯ ಮಾತನ್ನೆಲ್ಲ ಇಬ್ಬರ ಪರವಾಗಿ ಅವಳೇ ಆಡುತ್ತಿದ್ದಳು.

ರತ್ನ ಎಂಬ ಹೆಸರು ಮನೆಯೊಳಗೆ ಮಾತ್ರ. ನಮ್ಮ ಬಡಾವಣೆ ಮರ್ಫಿ ಟೌನಿಗೆಲ್ಲ ಅವಳು ಸೊಳ್ಳೆ ಅಕ್ಕ. ಡೆಂಗಿ ಜ್ವರದ ಬಗ್ಗೆ ಸಂಶೋಧನೆ ಮಾಡುವ ಒಂದು ಸಂಸ್ಥೆಯವರು ನಮ್ಮ ಕೆಲವು ಬೀದಿಗಳನ್ನೂ ಜೋಗುಪಾಳ್ಯದ ಕೆಲವು ಬೀದಿಗಳನ್ನೂ ಆರಿಸಿಕೊಂಡಿದ್ದರು. ಕನ್ನಡ, ತಮಿಳು, ಉರ್ದು ಮೂರೂ ಬರುವ ಹೆಂಗಸು ಬೇಕಾಗಿತ್ತು, ಇವಳು ಸಿಕ್ಕಿದಳು. ಹೆಗಲಿಗೆ ಚೀಲ, ಅದರಲ್ಲಿ ಟಾರ್ಚು, ಉದ್ದ ಹಿಡಿಯ ಬಿಳಿ ಸೌಟು, ಮುಚ್ಚಳದ ಸಣ್ಣ ಸೀಸೆಗಳು. ಮನೆಮನೆಗೆ ಹೋಗಿ ಡ್ರಮ್ಮು, ಸಂಪು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ಎಲ್ಲದಕ್ಕೂ ಸೌಟು ಅದ್ದಿ, ಸೊಳ್ಳೆಮರಿ ಕಂಡರೆ ಸೀಸೆಗೆ ತುಂಬಬೇಕು. ಬೀಗ ಹಾಕಿದ್ದ ಮನೆಗೆ ಮೂರು ಸಲ ಹೋಗಬೇಕು. ನೋಡಿ ಮುಗಿಸಿದ ಮನೆಯ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯಬೇಕು. ವರ್ಷಕ್ಕೊಮ್ಮೆ ನರ್ಸಮ್ಮನನ್ನು ಕರೆತಂದು, ಒಪ್ಪಿದವರಿಂದ ಒಂದಿಷ್ಟು ರಕ್ತ ತೆಗೆಸಬೇಕು.

ಈ ಕೆಲಸ ಅವಳ ಕಣ್ಣಿಗೆ ಹೇಗೆ ಹತ್ತಿಕೊಂಡಿತೆಂದರೆ, ನಿಂತ ನೀರು ಕಂಡಲ್ಲೆಲ್ಲ ಬಗ್ಗಿ ನೋಡುವಳು. ನನ್ನ ತಂಗಿಯ ಮಗಳ ಮದುವೆ ಮಾತಿಗೆ ಜೀವನ್ ಬಿಮಾ ನಗರಕ್ಕೆ ಹೋಗಿದ್ದೆವು. ಗಂಡಿನ ಮನೆಯವರು ಬೋಂಡ ತರಲು ಒಳಗೆ ಹೋದರೋ ಇಲ್ಲವೋ, ಇವಳು ಎದ್ದು ಮನಿಪ್ಲಾಂಟಿನ ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ಅತ್ತಿಗೆ, ಹೆಣ್ಣು ಕೊಡೋಕೆ ಬಂದಿದೀವೋ, ಸೊಳ್ಳೆ ಹಿಡಿಯೋಕೆ ಬಂದಿದೀವೋ?" ಎಂದು ತಂಗಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಮೂರು ಮರಿ ಇವೆ ಕಣೇ. ನಾಳೆ ನಮ್ಮ ಹುಡುಗಿ ಇದೇ ಮನೇಲಿ ತಾನೆ ಇರ್ಬೇಕು?"

ನಾನೇನು ಮಾಡಿದೆ ಎಂದು ಕೇಳುತ್ತೀರಾ? ಎದ್ದು ಹೋಗಿ ಗೋಡೆಯ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ಓದಿದೆ. ಮದುವೆಯೇನೋ ಆಯಿತು. ಬಾಟಲಿಯನ್ನು ಅವರು ಅಂದೇ ತೊಳೆದಿಟ್ಟರಂತೆ.

ರಕ್ತ ಕೊಡುವ ಮೊದಲು ಜನ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಪುಟಗಟ್ಟಲೆ ಇದ್ದ ಅದನ್ನು ಅವಳು ಮೆಟ್ಟಿಲ ಮೇಲೆ ಕೂತು ಓದಿ ಹೇಳುವಳು. ಎಲ್ಲ ಕೇಳಿಸಿಕೊಂಡು ಜನ ಕೊನೆಗೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: ನಮ್ಮ ರಕ್ತದಲ್ಲಿ ಏನಿತ್ತು ಅಂತ ನಮಗೆ ಹೇಳ್ತೀರಾ? ತರಬೇತಿಯಲ್ಲಿ ಅವಳು ಇದನ್ನೇ ದೊಡ್ಡ ಡಾಕ್ಟರನ್ನು ಕೇಳಿದ್ದಳು. "ಖಂಡಿತ ಹೇಳ್ತೀವಿ ರತ್ನಮ್ಮ. ಜನಕ್ಕೂ ಹಾಗೇ ಹೇಳಿ" ಎಂದಿದ್ದರು. ಇವಳು ಮನೆಮನೆಯಲ್ಲೂ ಹಾಗೇ ಹೇಳಿದಳು. ಅಷ್ಟಕ್ಕೇ ನಿಲ್ಲಲಿಲ್ಲ. ರಕ್ತ ಕೊಟ್ಟ ಒಬ್ಬೊಬ್ಬರಿಗೂ ತಾರೀಖಿನ ಪಕ್ಕ ಒಂದೊಂದು ಸೊನ್ನೆ ಬರೆದಳು. ಅದು ಸಂಸ್ಥೆಯ ನಿಯಮವಲ್ಲ, ಅವಳದೇ.

"ಉತ್ತರ ಬಂದ ದಿನ ನಾನೇ ಬಂದು ಒರೆಸ್ತೀನಿ. ಅಲ್ಲಿವರೆಗೂ ಯಾರೂ ಮುಟ್ಬೇಡಿ" ಎನ್ನುವಳು. ನಮ್ಮ ಮನೆಯಿಂದ ಅವಳೂ ನಾನೂ ಕೊಟ್ಟಿದ್ದೆವು. ಅದಕ್ಕೇ ಎರಡು. ಮಾಸಿದಾಗಲೆಲ್ಲ ಅವುಗಳನ್ನು ಮತ್ತೆ ತಿದ್ದುತ್ತಿದ್ದಳು.

ಎದುರು ಮನೆಯ ಫಾತಿಮಾಬಿ ಮಾತ್ರ ಸುಲಭಕ್ಕೆ ಬಗ್ಗುವವರಲ್ಲ. "ಅಕ್ಕಾ, ಡ್ರಮ್ ಮುಚ್ಚು, ಡ್ರಮ್ ಮುಚ್ಚು ಅಂತ ನಮ್ಗೆ ಹೇಳ್ತೀರ. ನೀರು ದಿನಾ ಬಿಡಿ ಅಂತ ಯಾರಿಗಾದ್ರೂ ಹೇಳಿದೀರಾ?" ವಾರಕ್ಕೆರಡು ಸಲ ನೀರು ಬರುವ ಬೀದಿಯಲ್ಲಿ ಡ್ರಮ್ಮಿಲ್ಲದೆ ಬದುಕುವುದು ಹೇಗೆಂದು ಯಾವ ಸಂಶೋಧನೆಯೂ ಕೇಳಿದಂತೆ ಕಾಣಲಿಲ್ಲ. ನಮ್ಮ ಹುಳು ಬೇಕು, ನಮ್ಮ ರಕ್ತ ಬೇಕು. ನಮ್ಮ ಪ್ರಶ್ನೆ ಮಾತ್ರ ಬೇಡ.

ಒಂದು ಸಲ ಇಂದಿರಾನಗರದ ಹೋಟೆಲೊಂದರಲ್ಲಿ ಅವರ ಸಭೆಯಾಯಿತು. ಹೊರದೇಶದವರೆಲ್ಲ ಬಂದಿದ್ದರು. ಸೌಟು ಸಮೇತ ಬಾ ಎಂದು ಇವಳನ್ನು ಕರೆಸಿ, ಅದನ್ನು ಎತ್ತಿ ಹಿಡಿಸಿ ಫೋಟೊ ತೆಗೆದರು. ಪರದೆಯ ಮೇಲೆ ನಮ್ಮ ಬೀದಿಗಳು ಕೆಂಪು ಚುಕ್ಕೆಗಳಾಗಿ ಕಂಡವಂತೆ. ಕೊನೆಗೆ ಯಾರಿಗಾದರೂ ಪ್ರಶ್ನೆ ಇದೆಯೇ ಎಂದಾಗ, ಇವಳು ಹಿಂದಿನ ಸಾಲಿನಿಂದ ಕೈ ಎತ್ತಿದಳು. "ಸಾರ್, ಜನಕ್ಕೆ ರಿಸಲ್ಟ್ ಯಾವಾಗ ಕೊಡ್ತೀರ?"

"ಒಳ್ಳೇ ಪ್ರಶ್ನೆ. ಮೊದ್ಲು ಅನಾಲಿಸಿಸ್ ಮುಗೀಲಿ ರತ್ನಮ್ಮ" ಎಂದರಂತೆ ಅದೇ ದೊಡ್ಡ ಡಾಕ್ಟರು. ಕೆಲವರು ನಕ್ಕರಂತೆ. ಅವಳೂ ನಗುತ್ತಲೇ ಮನೆಗೆ ಬಂದು ಇದನ್ನೆಲ್ಲ ಹೇಳಿದಳು, ಊಟ ಚೆನ್ನಾಗಿತ್ತು ಎಂದಳು. ನನಗೆ ಮೈ ಉರಿಯಿತು. ಈಗ ಹೇಳುತ್ತೇನೆ, ಆ ನಗು ಅವಳ ಮೇಲಿನದಲ್ಲ. ಆ ಮೆಟ್ಟಿಲ ಮೇಲೆ ಕೂತು ತೋಳು ಚಾಚಿದ ಒಬ್ಬೊಬ್ಬರ ಮೇಲಿನದು.

ಒಂದು ದಿನ ಸಂಶೋಧನೆ ಮುಗಿಯಿತು. ಕೆಲಸವೂ ಮುಗಿಯಿತು. ಜನ ಅವಳನ್ನು ರೇಷನ್ ಅಂಗಡಿಯಲ್ಲಿ, ಹಲಸೂರು ಮಾರ್ಕೆಟ್ಟಿನಲ್ಲಿ ತಡೆದು ಕೇಳುತ್ತಿದ್ದರು. "ಸೊಳ್ಳೆ ಅಕ್ಕ, ಬಂತಾ?" ಇವಳು ತಿಂಗಳಿಗೊಮ್ಮೆ ಸಂಸ್ಥೆಯ ಕಚೇರಿಗೆ ಹೋಗಿ ಅದನ್ನೇ ಕೇಳುವಳು. ಮೊದಮೊದಲು ಕೂರಿಸಿ ಟೀ ಕೊಟ್ಟರು. ಆಮೇಲೆ ಗೇಟಿನಲ್ಲೇ ಮಾತಾಡಿಸಿ ಕಳಿಸಿದರು.

ಹೋದ ವರ್ಷ ಅವಳಿಗೇ ಜ್ವರ ಬಂತು. ಅಸಡ್ಡೆ ಮಾಡಲಿಲ್ಲ, ಎರಡನೆಯ ದಿನವೇ ಕ್ಲಿನಿಕ್ಕಿಗೆ ಹೋದೆವು. ಡೆಂಗಿ ಎಂದು ಗೊತ್ತಾಯಿತು. ಅವಳು ಕಣ್ಣು ಮುಚ್ಚಿ ಬೆಂಚಿನ ಮೇಲೆ ಮಲಗಿದ್ದಳು. ಡಾಕ್ಟರು ನನ್ನನ್ನು ಕೇಳಿದರು: "ಇವ್ರಿಗೆ ಹಿಂದೆ ಯಾವಾಗಾದ್ರೂ ಡೆಂಗಿ ಬಂದಿತ್ತಾ?"

"ಇಲ್ಲ ಡಾಕ್ಟ್ರೇ. ಯಾವತ್ತೂ ಇಲ್ಲ."

ಮನೆಗೆ ಕಳಿಸಿದರು. ನಾಲ್ಕನೆಯ ದಿನ ಜ್ವರ ಇಳಿಯಿತು. ಅವಳು ಎದ್ದು ಮೊದಲು ಮಾಡಿದ ಕೆಲಸ ಫ್ರಿಜ್ಜಿನ ಹಿಂದಿನ ಟ್ರೇ ಚೆಲ್ಲಿದ್ದು. ನನಗೆ ಹೋದ ಜೀವ ಬಂದಂತಾಯಿತು. ಅಂದೇ ಸಂಜೆ, "ಹೊಟ್ಟೆ ತುಂಬಾ ನೋಯ್ತಿದೆ ಕಣ್ರೀ. ಇದು ಒಳ್ಳೇದಲ್ಲ, ದೊಡ್ಡಾಸ್ಪತ್ರೆಗೆ ಹೋಗೋಣ" ಎಂದಳು. ಹೋದೆವು. ಎರಡು ದಿನಕ್ಕೆ ಎಲ್ಲ ಮುಗಿಯಿತು.

ನಾನು ಜೀವಮಾನದಲ್ಲಿ ಒಂದು ಕಚೇರಿಯಲ್ಲಿ ದನಿ ಎತ್ತಿದ್ದು ಅದಾದ ಮೇಲೆಯೇ. ಅವಳ ಫಲಿತಾಂಶ ಕೊಡಿ ಎಂದು ಅದೇ ಗೇಟಿನಲ್ಲಿ ನಿಂತೆ. ಹೆಸರಿಲ್ಲ, ಬರೀ ನಂಬರಿದೆ ಎಂದರು. ನಂಬರು ಕೊಟ್ಟೆ, ಅವಳ ಚೀಲದಲ್ಲಿತ್ತು. ನಿಯಮವಿಲ್ಲ ಎಂದರು. ಐದನೆಯ ಸಲ ಹೋದಾಗ, ಅಲ್ಲಿಗೆ ಹೊಸದಾಗಿ ಸೇರಿದ್ದ ಡಾಕ್ಟರಮ್ಮ ಒಬ್ಬರು ಒಳಗೆ ಕರೆದು, ಯಾರು ಯಾರದೋ ಒಪ್ಪಿಗೆ ಪಡೆದು ಕಂಪ್ಯೂಟರಿನಲ್ಲಿ ಹುಡುಕಿದರು.

"ಮೊದಲನೇ ವರ್ಷದ ಸ್ಯಾಂಪಲ್ಲಲ್ಲೇ ಇದೆ ಸಾರ್. ಆಗ್ಲೇ ಒಂದ್ಸಲ ಡೆಂಗಿ ಬಂದುಹೋಗಿತ್ತು. ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ." ಪರದೆಯಿಂದ ನನ್ನ ಕಡೆ ತಿರುಗಿದರು. "ಎರಡನೇ ಸಲ ಬಂದ್ರೆ ಜೋರಾಗೋ ಸಾಧ್ಯತೆ ಜಾಸ್ತಿ. ಆದ್ರೆ ಮೊದ್ಲೇ ಗೊತ್ತಿದ್ರೆ ಉಳೀತಿದ್ರು ಅಂತ ನಾನು ಹೇಳಲ್ಲ ಸಾರ್. ಅದು ಸುಳ್ಳಾಗುತ್ತೆ."

ಆ ಪ್ರಾಮಾಣಿಕತೆಗೆ ಕೈಮುಗಿದೆ. ಉಳಿಯುತ್ತಿದ್ದಳೆಂದು ನಾನೂ ಹೇಳುತ್ತಿಲ್ಲ. ಆದರೆ ಡಾಕ್ಟರು ಕೇಳಿದಾಗ ನಾನು 'ಇಲ್ಲ' ಎಂದೆನಲ್ಲ, ಆ ಮಾತು ಸುಳ್ಳೆಂದು ಸಂಸ್ಥೆಯ ಕಂಪ್ಯೂಟರಿಗೆ ವರ್ಷಗಳಿಂದ ಗೊತ್ತಿತ್ತು. ಪ್ರಪಂಚದ ಯಾವ್ಯಾವುದೋ ಊರಿನ ಪಂಡಿತರು ಅವಳ ರಕ್ತವನ್ನು ಒಂದು ಚುಕ್ಕೆಯಾಗಿ ನೋಡಿದ್ದರು. ನೋಡದೆ ಉಳಿದವರು ನಾವಿಬ್ಬರೇ.

ಸೆಲ್ವಂ ಒಳಗಿನಿಂದ ಕೂಗಿದ. "ಸಾರ್, ಗೋಡೆ ಆಯ್ತು. ಚೌಕಟ್ಟು?"

ಬೆರಳನ್ನು ನೀರಿಗದ್ದಿ ಒಂದು ಸೊನ್ನೆಯನ್ನು ನಾನೇ ಒರೆಸಿದೆ. ಅವಳದು. ಉತ್ತರ ಬಂದಾಗಿದೆ. ಇನ್ನೊಂದನ್ನು ಬಿಟ್ಟು ಬಣ್ಣ ಹೊಡೆಯಲು ಹೇಳಿದೆ. ಅವನು ಅದರ ಸುತ್ತ ಟೇಪು ಅಂಟಿಸಿದ.

ಬಾಗಿಲ ಹಿಂದೆ ಅವಳ ಚೀಲ ಹಾಗೇ ನೇತಾಡುತ್ತಿತ್ತು. ಕೈ ಹಾಕಿದರೆ ಸೀಮೆಸುಣ್ಣದ ಒಂದು ತುಂಡು ಸಿಕ್ಕಿತು. ಅದನ್ನು ಹಿಡಿದು ಬೀದಿ ದಾಟಿದೆ. ಫಾತಿಮಾಬಿಯ ಬಾಗಿಲ ಚೌಕಟ್ಟಿಗೆ ಕಳೆದ ಹಬ್ಬಕ್ಕೆ ಹೊಡೆಸಿದ ಹಸಿರು ಬಣ್ಣ. ಹಳೆಯ ಸೊನ್ನೆಗಳೆಲ್ಲ ಅದರ ಕೆಳಗೆ ಹೋಗಿದ್ದವು.

"ಏನ್ ಭಾಯ್, ಚಾಕ್‌ಪೀಸ್ ಹಿಡ್ಕೊಂಡು? ಅಕ್ಕನ ಕೆಲ್ಸ ನಿಮ್ಗೆ ಕೊಟ್ಬಿಟ್ರಾ?"

"ಯಾರೂ ಕೊಟ್ಟಿಲ್ಲ, ನಾನೇ ತಗೊಂಡೆ. ಸೋಮವಾರ ಎಲ್ಲರ ರಿಸಲ್ಟ್ ಕೇಳೋಕೆ ಆ ಕಚೇರಿಗೆ ಹೋಗ್ತಿದೀನಿ. ನಿಮ್ಮನೇಲಿ ರಕ್ತ ಕೊಟ್ಟೋರು ಎಷ್ಟು ಜನ?"

"ನಾಲ್ಕು" ಎಂದರು. ಆಮೇಲೆ ಸೆರಗಿನ ತುದಿಯಿಂದ ಚೌಕಟ್ಟಿನ ಧೂಳು ಒರೆಸಿ, ಪಕ್ಕಕ್ಕೆ ಸರಿದು ನಿಂತರು. "ಹೊಸಾ ಪೇಂಟು ಅಂತ ನೋಡ್ಬೇಡಿ ಭಾಯ್. ದೊಡ್ಡದಾಗೇ ಬರೀರಿ."