ಗೋಡೆಯ ಮೇಲೆ ಇಲ್ಲದ ಬಣ್ಣ

ಬೆಳಗಿನ ಐದೂವರೆ. ಅಂತನನರಿವೊ ನಗರದ ಅಂದೊಹಾಲೊ ಗುಡ್ಡದ ನೆತ್ತಿಯ ಮೇಲಿರುವ ಷೆಡ್ಡಿನಲ್ಲಿ ಬಕೋಲಿ ಒಂದು ಕಪ್ಪು ಕಾರಿನ ಹಿಂಚಕ್ರದ ಎದುರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಮಸಿಬಟ್ಟೆ. ತಿಂಡಿಗೆಂದು ದಾರಿಯಲ್ಲಿ ಕೊಂಡು ತಂದ ಎರಡು ಮೊಫೊ, ಅಂದರೆ ಅಕ್ಕಿ ಹಿಟ್ಟಿನ ರೊಟ್ಟಿಗಳು, ಕಾಗದದ ಪೊಟ್ಟಣದಲ್ಲೇ ತಣ್ಣಗಾಗಿವೆ. 

"ಇವತ್ತು ಒಂದೇ ಅಲ್ಲ, ಇಳಿಜಾರಿನ ದಿನ ಯಾವತ್ತೂ ನಂಗೆ ತಿಂಡಿ ಸೇರಲ್ಲ," ಎನ್ನುತ್ತಾರೆ. "ಹತ್ತೊಂಬತ್ತು ವರ್ಷ ಆಯ್ತು. ಇನ್ನೂರ ಹನ್ನೊಂದು ಸಲ ಇಳಿದಿದೀನಿ. ಇನ್ನೂರ ಹನ್ನೊಂದು ಸಲಾನೂ ಹೆದರಿದೀನಿ."

ಐವತ್ತೇಳು ವರ್ಷದ ಬಕೋಲಿ ಹಳೆಯ ಕಾರುಗಳಿಗೆ ಬ್ರೇಕು ಕಟ್ಟುತ್ತಾರೆ. ಈ ಊರಿನಲ್ಲಿ ಹಳೆಯ ಕಾರುಗಳ ಹುಚ್ಚಿನವರಿಗೆ ಕೊರತೆಯಿಲ್ಲ. ಯಾರದೋ ಗೋದಾಮಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು ಹುಡುಕಿ ತರುತ್ತಾರೆ, ವರ್ಷಗಟ್ಟಲೆ ತಿದ್ದಿ ತೀಡುತ್ತಾರೆ, ಭಾನುವಾರದ ಪ್ರದರ್ಶನದಲ್ಲಿ ಮದುಮಗಳ ಹಾಗೆ ನಿಲ್ಲಿಸಿ ಮಾರುತ್ತಾರೆ. ಬಣ್ಣ ಬಳಿದವನ ಹೆಸರು ಎಲ್ಲರಿಗೂ ಗೊತ್ತು, ಸೀಟು ಹೊಲಿದವನ ಹೆಸರೂ ಗೊತ್ತು. ಚಕ್ರದೊಳಗೆ ಅಡಗಿರುವ ಬ್ರೇಕನ್ನು ಬಗ್ಗಿ ನೋಡುವವರು ಯಾರು?

ಇವತ್ತಿನ ಕಾರು 1951ರ ಸಿಟ್ರೊಯೆನ್. ಮುಂಬಾಗಿಲು ಹಿಂದುಮುಂದಾಗಿ ತೆರೆದುಕೊಳ್ಳುವ ಜಾತಿಯದು. ಅಂಬೂಸಿತ್ರಾದಲ್ಲಿ ಪಾದ್ರಿಯೊಬ್ಬರ ಹಿತ್ತಲಿನಲ್ಲಿ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಏಳು ಕೋಳಿಗಳು ಕಾವಿಗೆ ಕೂತಿದ್ದವು. ಷೆಡ್ಡಿನ ಯಜಮಾನ ರತ್ಸಿಂಬ ಎರಡು ವರ್ಷ ನಾಲ್ಕು ತಿಂಗಳು ಅದರ ಹಿಂದೆ ಬಿದ್ದರು. ಎಪ್ಪತ್ತು ದಾಟಿದ ಅವರು ಇಂಥದೊಂದು ಕಾರನ್ನು ಕೈಯಾರೆ ಎಬ್ಬಿಸಿ ನಿಲ್ಲಿಸಬೇಕು ಎಂದು ಹರೆಯದಿಂದ ಕನಸು ಕಂಡವರು. ನಾಳೆಯ ಪ್ರದರ್ಶನಕ್ಕೆ ರೆಯೂನಿಯನ್ ದ್ವೀಪದಿಂದ ಒಬ್ಬರು ಇದನ್ನು ಕೊಳ್ಳಲೆಂದೇ ಬರುತ್ತಿದ್ದಾರೆ. ಅದಕ್ಕೆ ಮೊದಲು ಕಾರು ಇಳಿಜಾರು ಇಳಿಯಬೇಕು.

ಇಳಿಜಾರು ಅಂದರೆ ಷೆಡ್ಡಿನ ಬಾಗಿಲಿನಿಂದ ಅನೋಸಿ ಕೆರೆಯ ದಂಡೆಯವರೆಗೆ ಇಳಿಯುವ ಕಲ್ಲುಹಾಸಿನ ದಾರಿ. ನಾಲ್ಕು ತಿರುವು. ಮೂರನೆಯದರಲ್ಲಿ ಎದುರಿಗೇ ಒಂದು ಕಲ್ಲಿನ ಗೋಡೆ. ಷೆಡ್ಡಿನ ಕಟ್ಟಳೆ ಹೀಗಿದೆ: ಗೇರು ಬಿಡಿಸಿ, ಬರೀ ಬ್ರೇಕಿನ ಮೇಲೆ ಇಳಿಸಬೇಕು. ಬ್ರೇಕು ಕಟ್ಟಿದವರೇ ಓಡಿಸಬೇಕು. ಹಿಂದಿನ ಸೀಟಿನಲ್ಲಿ ಅವರ ಸ್ವಂತ ಮನೆಯವರೊಬ್ಬರು ಕೂತಿರಬೇಕು.

ಕಟ್ಟಳೆ ಮಾಡಿದವರು ರತ್ಸಿಂಬ. ಬಕೋಲಿ ಇಲ್ಲಿಗೆ ಬರುವುದಕ್ಕೆ ಮೊದಲು ಬ್ರೇಕಿನ ಕೆಲಸ ಮಾಡುತ್ತಿದ್ದವನು ಒಂದು ನೀಲಿ ಕಾರನ್ನು ಅವಸರದಲ್ಲಿ ಮುಗಿಸಿ ಗಿರಾಕಿಯ ಕೈಗೆ ಕೊಟ್ಟಿದ್ದ. ಆ ನೀಲಿ ಈಗಲೂ ಗೋಡೆಯ ಮೇಲಿದೆ. ಗಿರಾಕಿಯ ಜೊತೆ ಗಿರಾಕಿಯ ಮಗಳೂ ತೀರಿಕೊಂಡಳು. "ಬೇರೆಯವರ ಮಕ್ಕಳನ್ನ ಕೂರಿಸೋ ಮುಂಚೆ ನಿಮ್ಮನೇವ್ರನ್ನ ಕೂರಿಸ್ಬೇಕು. ಆಗ ಕೈ ತಾನೇ ನೆಟ್ಟಗೆ ಕೆಲಸ ಮಾಡುತ್ತೆ," ಎನ್ನುತ್ತಾರೆ ರತ್ಸಿಂಬ. ಗೋಡೆಯ ಮೇಲೆ ಒಂದು ಹಸಿರು ಗೀರು, ಒಂದು ಕೆನೆಬಣ್ಣದ ಗೀರು ಕೂಡ ಇವೆ. ಅವು ಬೇರೆ ಷೆಡ್ಡುಗಳವು.

ಹತ್ತೊಂಬತ್ತು ವರ್ಷ ಹಿಂದಿನ ಸೀಟಿನಲ್ಲಿ ಕೂತವರು ಗಂಡ ನಿರಿನ. ಚರ್ಚಿನ ಹಾಡುಗಾರ. ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಹಾಡುತ್ತಿದ್ದರು. "ಹಾಡ್ತಿದ್ದಿದ್ದು ದೇವರಿಗೆ ಅಂತ ಎಲ್ರೂ ತಿಳ್ಕೊಂಡಿದ್ರು. ಅಲ್ಲ. ನನ್ನ ಎದೆ ಹೊಡ್ಕೊಳ್ಳೋ ಸದ್ದು ನಂಗೇ ಕೇಳಿಸ್ಬಾರ್ದು ಅಂತ," ಎಂದು ಬಕೋಲಿ ನಗುತ್ತಾರೆ. ನಿರಿನ ಏಪ್ರಿಲ್‌ನಲ್ಲಿ ಜ್ವರದಿಂದ ತೀರಿಕೊಂಡರು. ಇವತ್ತು ಕೂರಬೇಕಾದವಳು ಮಗಳು ಫರತಿಯಾನ. ಇರುವವಳು ಅವಳೊಬ್ಬಳೇ.

ಇಷ್ಟೇ ಆಗಿದ್ದರೆ ಬಕೋಲಿ ಹೇಗೋ ಗಟ್ಟಿ ಮನಸ್ಸು ಮಾಡುತ್ತಿದ್ದರು. ಆದರೆ ಯಾರಿಗೂ ಹೇಳದ ಇನ್ನೊಂದು ಮಾತಿದೆ. ಜೂನ್ ತಿಂಗಳಿಂದ ಅವರ ಬಲಗೈಯ ಬೆರಳ ತುದಿಗಳಿಗೆ ಸ್ಪರ್ಶವಿಲ್ಲ. ಒಂದು ಕಾರಿಗೆ ಎಂಟು ಬ್ರೇಕು ಪಟ್ಟಿ, ಪಟ್ಟಿಗೆ ಹದಿನಾಲ್ಕು ರಿವೆಟ್ಟು, ಒಂದೊಂದಕ್ಕೂ ಸುತ್ತಿಗೆಯ ಏಟು. ಇಷ್ಟು ವರ್ಷ ಹೊಡೆದು ಹೊಡೆದು ನರ ಸತ್ತಿರಬೇಕು. ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ, ಬಿಸಿ ಅನ್ನ ಮುಟ್ಟಿದರೂ ಗೊತ್ತಾಗುವುದಿಲ್ಲ. ಎಡಗೈ ಮೊದಲಿನಿಂದಲೂ ಸುತ್ತಿಗೆಯ ಏಟು ತಿಂದು ಜಡ್ಡುಗಟ್ಟಿದ ಕೈ, ಲೆಕ್ಕಕ್ಕಿಲ್ಲ. ಅಲ್ಲಿಂದಾಚೆ ಮಾಡುತ್ತಿರುವ ಮೊದಲ ಪೂರ್ತಿ ಬ್ರೇಕು ಇದೇ. ಎಲ್ಲವನ್ನೂ ಕಣ್ಣಳತೆಯ ಮೇಲೆ ಮಾಡಿದ್ದಾರೆ.

"ಬ್ರೇಕಿನ ಕೆಲಸ ಇರೋದೇ ಬೆರಳಲ್ಲಿ," ಎಂದು ಆಮೇಲೆ ವಿವರಿಸುತ್ತಾರೆ. "ಉಬ್ಬಿದೆಯಾ, ತಗ್ಗಿದೆಯಾ, ಎಣ್ಣೆ ಜಿನುಗ್ತಿದೆಯಾ, ಎಲ್ಲಾ ಬೆರಳೇ ಹೇಳ್ಬೇಕು. ನನ್ನ ಬೆರಳು ಮೂಕ ಆಗಿತ್ತು. ಹೇಳಿದ್ರೆ ಮಾರನೇ ದಿನದಿಂದ ಯಾವ ಕಾರಿನವ್ರು ನನ್ನ ಕೈಗೆ ಕೊಡ್ತಾರೆ? ಬ್ರೇಕಿನವಳಿಗೆ ಬೆರಳಿಲ್ಲ ಅಂದ್ಮೇಲೆ ಇನ್ನೇನಿದೆ?"

ಅದಕ್ಕೇ ವಾರವಿಡೀ ನೆಪ ಹೇಳಿದರು. ಮಂಗಳವಾರ ನಮ್ಮ ಮನೆತನಕ್ಕೆ ಆಗಿಬರುವುದಿಲ್ಲ ಎಂದರು. ಗುರುವಾರ ತಾಯಿಯ ಕಡೆಯವರಿಗೆ ನಿಷೇಧ ಎಂದರು. ಶುಕ್ರವಾರ ತಲೆನೋವು ಬಂತು. ಬಣ್ಣದ ಕೆಲಸದ ತೊವೊ ಬಾಯಿ ಸುಮ್ಮನಿಡುವ ಆಸಾಮಿಯಲ್ಲ. "ಬಕೋಲಕ್ಕ, ನಿಮ್ಮ ವಂಶದವ್ರು ಹುಟ್ಟೋಕಾದ್ರೂ ಒಂದು ದಿನ ಬಿಟ್ಟಿದಾರಾ ಇಲ್ವಾ? ಇವತ್ತು ಶನಿವಾರ. ಇನ್ನು ಉಳಿದಿರೋದು ಪ್ರದರ್ಶನ ಮುಗಿದ ಮೇಲಿನ ಸೋಮವಾರ!" ಎಂದು ರೇಗಿಸುತ್ತಾನೆ. "ನನ್ನ ಹನ್ನೊಂದು ಕೋಟು ಕಪ್ಪು ಆ ಗೋಡೆಗೆ ಹತ್ತಿದ್ರೆ ನೋಡಿ, ನಿಮ್ಮನ್ನೇ ಕಪ್ಪು ಬಳಿದು ಅಲ್ಲಿ ನಿಲ್ಲಿಸ್ತೀನಿ!"

ಎಲ್ಲರೂ ನಗುತ್ತಾರೆ. ಬಕೋಲಿಯೂ ನಗುತ್ತಾರೆ.

ಏಳು ಗಂಟೆಗೆ ಫರತಿಯಾನ ಬರುತ್ತಾಳೆ. ಮೂವತ್ತರ ಹೆಂಗಸು, ಮೇಜಿನ ಬಟ್ಟೆಗಳಿಗೆ ಕಸೂತಿ ಹಾಕಿ ಬದುಕುವವಳು. ಇನ್ನೂರ ಎಂಬತ್ತಾರು ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದಾಳೆ. ತಂದೆ ಕೂರುತ್ತಿದ್ದ ಕಡೆಯೇ ಹಿಂದಿನ ಸೀಟಿನ ಎಡಕ್ಕೆ ಕೂತು, "ನಂಗೆ ಅಪ್ಪನ ಥರ ಹಾಡೋಕೆ ಬರಲ್ಲಮ್ಮ, ಕಿರುಚೋಕೆ ಬರುತ್ತೆ, ನಡೆಯುತ್ತಾ?" ಎಂದು ತಾಯಿಯನ್ನು ನಗಿಸಲು ನೋಡುತ್ತಾಳೆ. 

ರತ್ಸಿಂಬ ಬಿಳಿ ತಟ್ಟೆಯಲ್ಲಿ ನೀರು ತರುತ್ತಾರೆ. ಹೊರಡುವ ಮುಂಚೆ ಹಿರಿಯರು ನೀರು ಚಿಮುಕಿಸಿ ಹರಸದೆ ಇಲ್ಲಿ ಯಾವ ಕಾರೂ ಕದಲುವುದಿಲ್ಲ. ಇಂಥ ಕಾರು ತಮ್ಮ ಆಯುಷ್ಯದಲ್ಲಿ ಮತ್ತೆ ಸಿಗಲಾರದು ಎಂದೋ ಏನೋ, ಯಜಮಾನರ ಕೈ ಇವತ್ತು ಧಾರಾಳವಾಗಿದೆ. ಮೂತಿಗೆ ಚಿಮುಕಿಸಿದರು, ನೆತ್ತಿಗೆ ಚಿಮುಕಿಸಿದರು, ಉಳಿದಿದ್ದನ್ನು ಹಿಂಚಕ್ರದ ಮೇಲೇ ಸುರಿದರು.

"ಚಕ್ರಕ್ಕೆ ಬೇಡ!" ಬಕೋಲಿ ಚೀರುತ್ತಾರೆ. "ಎಷ್ಟು ಸಲ ಹೇಳಿದೀನಿ ಯಜಮಾನ್ರೇ, ಡ್ರಮ್ಮಿನೊಳಗೆ ನೀರು ಹೋದ್ರೆ ಬ್ರೇಕು ಹಿಡಿಯಲ್ಲ. ಈಗ ಬಿಚ್ಚಿ ಒರೆಸ್ಬೇಕು."

"ಹರಸೋ ನೀರಿಗೂ ಹೆದರ್ತೀಯಲ್ಲೇ, ನಾಲ್ಕು ಹನಿ," ಎಂದು ರತ್ಸಿಂಬ ಗೊಣಗುತ್ತಾರೆ. ತೊವೊ ಹಣೆ ಚಚ್ಚಿಕೊಳ್ಳುತ್ತಾನೆ. ಬಕೋಲಿ ಆಗಲೇ ಜಾಕು ಕೊಡುತ್ತಿದ್ದಾರೆ.

ನೀರು ನೆಪ ಎಂದು ಅವರಿಗೆ ಗೊತ್ತು. ಬೇಕಾಗಿದ್ದುದು ಇನ್ನೊಂದು ಸಲ ಒಳಗೆ ನೋಡುವ ಅವಕಾಶ. ಚಕ್ರ ಕಳಚಿ, ಬ್ರೇಕನ್ನು ಮುಚ್ಚಿರುವ ಡ್ರಮ್ಮು ಎಳೆದು ತೆಗೆದು ಕೈ ಒಳಗೆ ಹಾಕುತ್ತಾರೆ. ಮೇಲೆ, ಕಣ್ಣಿಗೆ ಕಾಣದ ಹಿಂಬದಿಯಲ್ಲಿ, ಬ್ರೇಕಿನ ಎಣ್ಣೆ ತಳ್ಳುವ ಪುಟ್ಟ ಉರುಳೆ ಇದೆ. ಅದರ ಅಂಚಿನ ಮೇಲೆ ಬೆರಳಾಡಿಸುತ್ತಾರೆ. ಒಣಗಿದೆಯೋ ಒದ್ದೆಯೋ, ಕಬ್ಬಿಣವೋ ರಬ್ಬರೋ, ಒಂದೂ ತಿಳಿಯುವುದಿಲ್ಲ. ಮತ್ತೊಮ್ಮೆ ಆಡಿಸುತ್ತಾರೆ. ಕಿಟಕಿಯಿಂದ ಮಗಳು ಬಗ್ಗಿ ನೋಡುತ್ತಿದ್ದಾಳೆ. ಆ ಕ್ಷಣ ಬಕೋಲಿಗೆ ಗೋಡೆಯ ಮೇಲಿನ ನೀಲಿ ಕಣ್ಣಿಗೆ ಕಟ್ಟುತ್ತದೆ.

"ಫರಾ, ಇಳಿದು ಬಾ," ಎನ್ನುತ್ತಾರೆ. "ಇಲ್ಲಿ ಕೈ ಹಾಕು. ನೀನು ಮುಟ್ಟಿ ಹೇಳು."

"ನಾನಾ? ನಂಗೇನು ಗೊತ್ತಮ್ಮ?"

"ನಿಂಗೆ ಬೆರಳಿದೆ. ನಂಗಿಲ್ಲ." ಬಕೋಲಿ ಎದ್ದು ನಿಂತು ರತ್ಸಿಂಬರ ಕಡೆ ತಿರುಗುತ್ತಾರೆ. ಬಲಗೈಯನ್ನು ಮುಂದೆ ಚಾಚುತ್ತಾರೆ. "ಜೂನ್‌ನಿಂದ ಸತ್ತಿದೆ ಯಜಮಾನ್ರೇ. ಹೇಳೋ ಧೈರ್ಯ ಆಗ್ಲಿಲ್ಲ. ಬೈಯೋದಿದ್ರೆ ಆಮೇಲೆ ಬೈಯಿರಿ, ಮೊದ್ಲು ಇವಳು ನೋಡ್ಲಿ."

 ಫರತಿಯಾನ ಅಂಗಿಯ ತೋಳು ಮಡಚಿ ಕೈ ಒಳಗೆ ತೂರಿಸುತ್ತಾಳೆ. ಸೂಜಿದಾರದಲ್ಲಿ ಪಳಗಿದ ಬೆರಳು, ನಿಧಾನವಾಗಿ ಸುತ್ತುತ್ತದೆ.

"ಒದ್ದೆ ಇದೆ."

"ನಾನು ಹಾಕಿದ ನೀರು," ಎನ್ನುತ್ತಾರೆ ರತ್ಸಿಂಬ, ತಟ್ಟನೆ, ಅದು ಹಾಗೇ ಆಗಿರಲಿ ಎಂಬಂತೆ.

ಅವಳು ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ನೋಡುತ್ತಾಳೆ. "ನೀರಲ್ಲ. ಜಾರ್ತಾ ಇದೆ."

ಬಕೋಲಿ ನೆಲದ ಮೇಲೆ ಕೂತುಬಿಡುತ್ತಾರೆ. ಉರುಳೆಯೊಳಗಿನ ರಬ್ಬರು ಬಿಲ್ಲೆಯನ್ನು ಅವರೇ ಕೊರೆದು ಮಾಡಿದ್ದರು, ಹೊಸದು ಈ ಕಾರಿಗೆ ಎಲ್ಲಿಯೂ ಸಿಗುವುದಿಲ್ಲ. ಅಂಚು ಒಂದು ಕಡೆ ಕೂದಲೆಳೆಯಷ್ಟು ಓರೆಯಾಗಿದೆ. ನಿಂತ ಕಾರಿನಲ್ಲಿ ಒಂದೊಂದೇ ಹನಿ ಜಿನುಗುತ್ತದೆ. ಇಳಿಜಾರಿನಲ್ಲಿ, ಮೂರನೆಯ ತಿರುವಿನಲ್ಲಿ, ಕಾಲೂರಿ ಒತ್ತಿದಾಗ ಏನಾಗುತ್ತಿತ್ತು ಎಂದು ಅಲ್ಲಿದ್ದವರಿಗೆ ಯಾರೂ ಹೇಳಬೇಕಾಗಿಲ್ಲ. 

ರತ್ಸಿಂಬ ಖಾಲಿ ತಟ್ಟೆ ಹಿಡಿದುಕೊಂಡು ಒಂದು ಹಳೆಯ ಟೈರಿನ ಮೇಲೆ ಕೂರುತ್ತಾರೆ. "ನಾಲ್ಕು ತಿಂಗಳು ಮುಚ್ಚಿಟ್ಟೆಯಲ್ಲೇ," ಎನ್ನುತ್ತಾರೆ. ದನಿಯಲ್ಲಿ ಕೋಪವಿದೆ, ಅದಕ್ಕಿಂತ ಹೆಚ್ಚು ಹೆದರಿಕೆಯಿದೆ. ಆಮೇಲೆ ಎದ್ದು ಹೋಗಿ ರಬ್ಬರಿನ ಹಾಳೆ ತಂದು ಫರತಿಯಾನಳ ಮಡಿಲಲ್ಲಿ ಇಡುತ್ತಾರೆ. "ಇವಳು ಕೊರೀಲಿ. ನೀನು ಪಕ್ಕದಲ್ಲಿ ಕೂತು ಹೇಳ್ಕೊಡು. ನಾಲ್ಕೂ ಚಕ್ರ."

ನಾಲ್ಕೂ ಚಕ್ರ ಮುಗಿಯುವಾಗ ಮಧ್ಯಾಹ್ನ ಎರಡು ಗಂಟೆ. ತಾಯಿ ಹೇಳುತ್ತಾರೆ, ಮಗಳು ಮುಟ್ಟುತ್ತಾಳೆ. "ಇಲ್ಲಿ ಉಬ್ಬು." "ಎಷ್ಟು?" "ಗಂಟು ಹಾಕಿದ ದಾರದಷ್ಟು." "ಉಜ್ಜು." ನಾಲ್ಕು ತಿಂಗಳ ಮೇಲೆ ಮೊದಲ ಸಲ ಬಕೋಲಿಗೆ ತಾನು ಕಟ್ಟಿದ ಬ್ರೇಕು ಹೇಗಿದೆ ಎಂದು ಸರಿಯಾಗಿ ತಿಳಿಯುತ್ತಿದೆ.

ಆದರೂ ಇಳಿಯಲೇಬೇಕಲ್ಲ. ಗೇರು ಬಿಡಿಸಿದ ಕಾರು ತಾನಾಗಿಯೇ ಬಾಗಿಲು ದಾಟುತ್ತದೆ. ಮೊದಲ ತಿರುವಿನಲ್ಲಿ ಬಕೋಲಿ ಉಸಿರು ಬಿಡುವುದನ್ನೇ ಮರೆತಿದ್ದಾರೆ. ಎರಡನೆಯದರಲ್ಲಿ ವೇಗ ಏರುತ್ತದೆ, ಚಕ್ರದ ಕೆಳಗೆ ಕಲ್ಲು ಗಡಗಡ ಅನ್ನುತ್ತದೆ, ಬುಟ್ಟಿ ಹೊತ್ತ ಹೆಂಗಸೊಬ್ಬಳು ಗೋಡೆಗೆ ಒರಗಿ ದಾರಿ ಬಿಡುತ್ತಾಳೆ. ಮೂರನೆಯ ತಿರುವು. ಗೋಡೆ ದೊಡ್ಡದಾಗುತ್ತ ಬರುತ್ತಿದೆ. ಹಸಿರು, ಕೆನೆ, ನೀಲಿ. ಹಿಂದಿನಿಂದ ಫರತಿಯಾನ ಹಾಡುತ್ತಿದ್ದಾಳೆ. ರಾಗ ಎಲ್ಲೆಲ್ಲೋ ಹೋಗಿದೆ, ಅಪ್ಪ ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಬಕೋಲಿ ಕಾಲೂರುತ್ತಾರೆ. ಕಾರು ಒಮ್ಮೆ ತೊನೆದು, ಹಿಡಿದು, ಗೋಡೆಗೆ ಮೂರು ಮೊಳ ಇರುವಾಗಲೇ ತಗ್ಗಿ ಸಾವಧಾನವಾಗಿ ತಿರುಗುತ್ತದೆ.

ಕೆರೆಯ ದಂಡೆಯಲ್ಲಿ ಕಾರು ನಿಂತ ಮೇಲೂ ಎಷ್ಟೋ ಹೊತ್ತು ಅವರ ಕಾಲು ಪೆಡಲಿನ ಮೇಲೇ ಇದೆ. ಓಡಿ ಇಳಿದು ಬಂದ ರತ್ಸಿಂಬ ಕಿಟಕಿಗೆ ಕೈ ಊರಿ, ಏದುಸಿರಿನ ನಡುವೆ ಹೇಳುವುದು ಇಷ್ಟೇ: "ಸೋಮವಾರ ಬಾ. ಬೆರಳನ್ನೂ ಕರ್ಕೊಂಡು ಬಾ."

ಭಾನುವಾರದ ಪ್ರದರ್ಶನದಲ್ಲಿ ಕಪ್ಪು ಕಾರಿನ ಸುತ್ತ ಜನವೋ ಜನ. ರೆಯೂನಿಯನ್‌ನಿಂದ ಬಂದವರು ಹಿಂದುಮುಂದಿನ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ ಮಾಡುತ್ತಾರೆ, ತೊವೊನ ಬಣ್ಣದಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾರೆ, ಅಲ್ಲಿಯೇ ಕೊಳ್ಳುವ ಮಾತಾಡುತ್ತಾರೆ. ಬ್ರೇಕಿನ ಸುದ್ದಿ ಯಾರೂ ಎತ್ತುವುದಿಲ್ಲ. ಬಕೋಲಿ ದೂರದಲ್ಲಿ ಜಕರಂಡ ಮರದ ಕೆಳಗೆ ನಿಂತು ಮೊಫೊ ತಿನ್ನುತ್ತಿದ್ದಾರೆ, ಒಂದಾದ ಮೇಲೊಂದು.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಸ್ವಲ್ಪ ನಾಚುತ್ತಾರೆ. "ಒಂದೇ ಒಂದು ಸಲ ಹಿಂದಿನ ಸೀಟಲ್ಲಿ ಕೂತು ಇಳೀಬೇಕು. ಅಕ್ಟೋಬರಲ್ಲಿ ಜಕರಂಡ ಅರಳಿ ಮೇಲಿಂದ ಈ ಕೆರೆ ಸುತ್ತ ಪೂರ್ತಿ ನೇರಳೆ ಕಾಣುತ್ತಂತೆ. ಫರಾನ ಅಪ್ಪ ಪ್ರತೀ ವರ್ಷ ಹೇಳೋರು, ನೋಡೇ ನೋಡೇ ಅಂತ. ನಾನೆಲ್ಲಿ ನೋಡ್ಲಿ? ನಾನು ನೋಡಿರೋದು ಆ ಗೋಡೆ ಒಂದೇ."

ಸಂಜೆ ತಾಯಿ ಮಗಳು ಇಳಿಜಾರನ್ನು ನಡೆದೇ ಹತ್ತುತ್ತಾರೆ. ಮೂರನೆಯ ತಿರುವಿನಲ್ಲಿ ಬಕೋಲಿ ನಿಲ್ಲುತ್ತಾರೆ. ಗೋಡೆಯ ಮೇಲೆ ಅಂಗೈ ಇಟ್ಟು ಬೆರಳಾಡಿಸುತ್ತಾರೆ. ಬೆರಳು ಏನನ್ನೂ ಹೇಳುವುದಿಲ್ಲ. ಆಮೇಲೆ ಕಣ್ಣಿನಿಂದ ಹುಡುಕುತ್ತಾರೆ, ಮೇಲಿಂದ ಕೆಳಗೆ, ಈ ತುದಿಯಿಂದ ಆ ತುದಿಗೆ.

"ಇಲ್ಲ ನೋಡು," ಎನ್ನುತ್ತಾರೆ ಮಗಳಿಗೆ. "ಕಪ್ಪು ಇಲ್ಲ."

ಒಂದು ಹೆಜ್ಜೆ ಮುಂದೆ ಹೋದವರು ಮತ್ತೆ ತಿರುಗುತ್ತಾರೆ. "ನಾನು ಇಳಿಸಿದ ಯಾವ ಕಾರಿನ ಬಣ್ಣವೂ ಇಲ್ಲ."