ಅವ್ವ, ಅವ್ವನಂಗ

ಇವತ್ತು ಬೆಳಿಗ್ಗೆ ಹೊಸಪೇಟೆಯ ಮಾರ್ಕೆಟ್ಟಿನಲ್ಲಿ ಚಿಕ್ಕಮ್ಮನ ಚೀಲ ಹಿಡಿದುಕೊಂಡು ನಿಂತಿದ್ದೆ. ಪಪ್ಪಾಯಿ ಮಾರುವವಳು "ಬೆಣ್ಣಿ ಇದ್ದಂಗ ಅದಾವ, ಬರ್ರಿ!" ಎಂದು ಕರೆಯುತ್ತಿದ್ದಳು. ಪಕ್ಕದ ಗಾಡಿಯವನು ತನ್ನ ಪಪ್ಪಾಯಿಯನ್ನು ಅಷ್ಟೂ ಸಂಕೋಚವಿಲ್ಲದೆ "ಬೆಣ್ಣಿ! ಬೆಣ್ಣಿ!" ಎಂದೇ ಕೂಗುತ್ತಿದ್ದ. ಅವಳದು ಉಪಮೆ, ಇವನದು ರೂಪಕ. ನಗು ಬಂತು. ಶಾಲೆಯಲ್ಲಿ ಕಲಿತದ್ದನ್ನು ನಿಮ್ಮ ಹಾಗೆ ನಾನೂ ಮರೆತಿದ್ದೇನೆ. ಈ ಒಂದು ಪಾಠವನ್ನು ಮಾತ್ರ ಚಿಕ್ಕಮ್ಮ ಮರೆಯಲು ಬಿಡಲಿಲ್ಲ.

ನನ್ನ ತಾಯಿ ತೀರಿಕೊಂಡಾಗ ನನಗಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಪ್ಪ ಯಶವಂತನಗರದಲ್ಲಿ ಗಣಿ ಕಂಪನಿಯ ಬಸ್ಸಿನ ಡ್ರೈವರ್. ಕೆಲವು ವರ್ಷಗಳ ಮೇಲೆ ಚೋರನೂರಿನ ಚಿಕ್ಕಮ್ಮನನ್ನು ಮದುವೆಯಾಗಿ ಕರೆತಂದರು. ಮಾತಿನ ಮಲ್ಲಿ. ಅಪ್ಪನ ಅಂಗಿಗೆ ಅಂಟಿದ ಅದಿರಿನ ಕೆಂಪು ಧೂಳಿನ ಜೊತೆಗೂ ಜಗಳವಾಡುತ್ತಲೇ ಬಟ್ಟೆ ಒಗೆಯುತ್ತಿದ್ದಳು.

ಒಂಬತ್ತನೇ ತರಗತಿಯಲ್ಲಿ ಕನ್ನಡ ಮಾಸ್ತರರು ಅಲಂಕಾರ ಕಲಿಸಿದರು. 'ಮುಖ ಕಮಲದಂತಿದೆ' ಎಂದರೆ ಉಪಮೆ: ಮುಖ ಬೇರೆ, ಕಮಲ ಬೇರೆ, ನಡುವೆ ಇರುವುದು ಹೋಲಿಕೆ. 'ಮುಖಕಮಲ' ಎಂದರೆ ರೂಪಕ: ಎರಡೂ ಒಂದೇ, ಭೇದವಿಲ್ಲ. ಅಂದಿನಿಂದ ನಾನು ಮನುಷ್ಯರ ಹಾಗೆ ಮಾತಾಡುವುದನ್ನೇ ಬಿಟ್ಟೆ. ಅಪ್ಪನ ಬಸ್ಸನ್ನು ಐರಾವತ ಎಂದೆ. "ಐರಾವತಕ್ಕ ಡೀಸೆಲ್ ನೀ ಹಾಕಸ್ತೀಯೇನಲೇ?" ಎಂದರು ಅಪ್ಪ.

ಆ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ತಾಯಿಯ ಬಗ್ಗೆ ಭಾಷಣ ಮಾಡಲು ನನ್ನನ್ನು ಆರಿಸಿದರು. ಹಿಂದಿನ ಸಂಜೆ, ರೊಟ್ಟಿ ಬಡಿಯುತ್ತಿದ್ದ ಚಿಕ್ಕಮ್ಮನ ಮುಂದೆ ನಿಂತು ಒಪ್ಪಿಸಿದೆ: "ಚಿಕ್ಕಮ್ಮ ನನಗೆ ಅವ್ವನಂತೆ ಅಲ್ಲ, ಆಕೆಯೇ ನನ್ನ ಅವ್ವ!"

ಹಿಗ್ಗುತ್ತಾಳೆ ಅಂದುಕೊಂಡಿದ್ದೆ. ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹಂಗ ಅನಬ್ಯಾಡಪ್ಪ."

"ಇದು ರೂಪಕ, ಚಿಕ್ಕಮ್ಮ. ಉಪಮೆಗಿಂತ ದೊಡ್ಡದು. ಭೇದನ ಇರಂಗಿಲ್ಲ."

"ಭೇದ ಇಲ್ಲಂದ್ರ ನಿಮ್ಮವ್ವ ಎಲ್ಲಿಗೆ ಹೋಗಬೇಕಲೇ? ಅವ್ವನಂಗ ಅನ್ನು. ಆಕಿನೂ ಇರ್ಲಿ, ನಾನೂ ಇರ್ತೀನಿ."

ನಮ್ಮ ಮನೆಯಲ್ಲಿ ಯಾರೂ ಎತ್ತದೆ ಬಿಟ್ಟಿದ್ದ ಮಾತು ಅದು. ಅವ್ವನ ದನಿಯೇ ನನಗೆ ನೆನಪಿಲ್ಲ ಎಂದೆ. ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಅಪ್ಪನನ್ನು ಒಳಗೆ ಕರೆದಳು. "ಕುಂದ್ರಿ. ಅಕ್ಕ ಇವನ್ನ ಹೆಂಗ ಕರೀತಿದ್ಲು, ತೋರಸ್ರಿ." ಅಪ್ಪ ನಾಚಿಕೊಂಡು, ತಡವರಿಸಿ, ತಮ್ಮ ಗಡಸು ಗಂಟಲನ್ನು ಆದಷ್ಟು ಸಣ್ಣದು ಮಾಡಿಕೊಂಡು ನನ್ನ ಹೆಸರನ್ನು ಉದ್ದಕ್ಕೆ ಎಳೆದು ಕೂಗಿದರು. ಮೂವರೂ ಬಿದ್ದುಬಿದ್ದು ನಕ್ಕೆವು. ಆಮೇಲೆ ಅಪ್ಪ ಕಣ್ಣೊರೆಸಿಕೊಂಡು, ಇನ್ನೊಮ್ಮೆ, ಯಾರೂ ಕೇಳದೆಯೇ, ಹಾಗೇ ಕೂಗಿದರು.

ಮರುದಿನ ವೇದಿಕೆಯ ಮೇಲೆ 'ಅವ್ವನಂಗ' ಎಂದೇ ಹೇಳಿದೆ. 'ಅವ್ವನಂತೆ' ಅನ್ನಬೇಕಿತ್ತು ಎಂದು ಮಾಸ್ತರರು ತಿದ್ದಿದರು. ಚಪ್ಪಾಳೆ ಎಲ್ಲರದೂ ಮುಗಿದ ಮೇಲೆ ಚಿಕ್ಕಮ್ಮನದೊಂದೇ ಕೇಳುತ್ತಿತ್ತು.

ಇವತ್ತು ಮಾರ್ಕೆಟ್ಟಿನಿಂದ ಕನ್ನಡಕದ ಅಂಗಡಿಗೆ ಹೋದೆವು. ಚಿಕ್ಕಮ್ಮನ ಮೂಗಿನ ಮೇಲೆ ಹೊಸ ಕನ್ನಡಕ ಕೂರಿಸುತ್ತ ಅಂಗಡಿಯಾಕೆ ಕೇಳಿದಳು: "ಇವ್ರು ನಿಮಗ ಏನಾಗಬೇಕ್ರಿ?"

"ನಮ್ಮವ್ವ" ಎಂದುಬಿಟ್ಟೆ.

ಬೈಸಿಕೊಳ್ಳಲು ಸಿದ್ಧನಾಗಿ ಪಕ್ಕಕ್ಕೆ ತಿರುಗಿದೆ. ಚಿಕ್ಕಮ್ಮ ಹೊಸ ಗಾಜಿನೊಳಗಿಂದ ನನ್ನನ್ನು ನೋಡಿದಳು.

"ಇರ್ಲಿ ಬಿಡು," ಎಂದಳು. "ಇಷ್ಟು ವರ್ಷ ಆತು, ನಿಮ್ಮವ್ವ ಏನೂ ಅನ್ಕೊಳ್ಳಂಗಿಲ್ಲ."